ಪ್ಲಂಬಿಂಗ್ ಇನ್‌ಸ್ಪೆಕ್ಟರ್ ಲೈಸೆನ್ಸ್: ಹುಬ್ಬಳ್ಳಿ-ಧಾರವಾಡದಾಗ ಯಾರು ಕೊಡ್ತಾರ?

ನವನಗರ ಸಿವಿಲ್

ಎಲ್ಲಾರಿಗೂ ನಮಸ್ಕಾರ್ರಿ. ಡಿಪ್ಲೊಮಾ ಸಿವಿಲ್ ಮುಗಿಸಿ ಗೋಕುಲ ರೋಡ್ ಕಡೆ ಒಂದು ಅಪಾರ್ಟ್‌ಮೆಂಟ್ ಸೈಟಿನ್ಯಾಗ ಸುಪರ್‌ವೈಸರ್ ಅದೀನಿ. ಸ್ಲ್ಯಾಬಿನ ಸರಳು ನೋಡಾಕ ಎಂಜಿನಿಯರ್ ಬರ್ತಾರ, ಕಾಂಕ್ರೀಟ್ ಕ್ಯೂಬ್ ಟೆಸ್ಟಿಗೆ ಹೊಕ್ಕೈತಿ, ಆದ್ರ ಬಾತ್‌ರೂಮಿನ ಪೈಪ್ ನೋಡಾಕ ಒಬ್ಬರೂ ಬರೂದಿಲ್ಲ. ಅದು ನನ್ನ ತಲಿಮ್ಯಾಲೆ ಬಿದ್ದೈತಿ. ಖರೆ ಹೇಳ್ಬೇಕಂದ್ರ ಆ ಕೆಲಸನ ನನಗ ಛಲೋ ಅನ್ನಸಾಕತ್ತೈತಿ.

ನಮ್ಮ ಮಾವ, "ಪ್ಲಂಬಿಂಗ್ ಇನ್‌ಸ್ಪೆಕ್ಟರ್ ಲೈಸೆನ್ಸ್ ತಗೋ, ಹೊರದೇಶದಾಗ ಭಾಳ ಬೇಡಿಕೆ ಐತಿ" ಅಂತಾರ. ಅದನ್ನ ಇಲ್ಲಿ ಯಾರು ಕೊಡ್ತಾರ? ಪಾಲಿಕೆನೋ, ಐಟಿಐನೋ, ಬೆಂಗಳೂರಿಗೇ ಹೋಗ್ಬೇಕೋ? ಪರೀಕ್ಷೆ ಇದ್ರ ಏನ್ ಓದ್ಬೇಕು? ಆನ್‌ಲೈನ್‌ನಾಗ ಒಬ್ಬರು ರೊಕ್ಕ ಕಟ್ಟಿದ್ರ ವಾರದಾಗ "ಇಂಟರ್‌ನ್ಯಾಷನಲ್ ಇನ್‌ಸ್ಪೆಕ್ಟರ್" ಸರ್ಟಿಫಿಕೇಟ್ ಮನಿಗೇ ಕಳಸ್ತೀವಿ ಅನ್ನಾಕತ್ಯಾರ. ನಂಬೂದೋ ಬ್ಯಾಡೋ?

ದುರ್ಗದಬೈಲ್ ಮಿರ್ಚಿ

ವಾರದಾಗ ಇಂಟರ್‌ನ್ಯಾಷನಲ್ ಆಗೂದಾದ್ರ ನಾನೂ ಬರ್ತೀನೋ ಮಾರಾಯ, ನಮ್ಮ ನಳ ಬರಾಕ ಅದಕ್ಕಿಂತ ಹೆಚ್ಚ ದಿನ ಬೇಕು.

ನಿವೃತ್ತ ಗಟಾರ ಎಂಜಿನಿಯರ್

ತಮ್ಮಾ, ಮೊದಲ ಆ ಆನ್‌ಲೈನ್ ರೊಕ್ಕ ಕಟ್ಟಬ್ಯಾಡ. ಉಳಿದದ್ದು ಆಮ್ಯಾಲೆ.

ನಮ್ಮ ದೇಶದಾಗ "ಪ್ಲಂಬಿಂಗ್ ಇನ್‌ಸ್ಪೆಕ್ಟರ್" ಅಂತ ಒಬ್ಬ ಮನಷ್ಯಾಗ ಕೊಡೋ ಸರಕಾರಿ ಲೈಸೆನ್ಸೇ ಇಲ್ಲ. ಕರೆಂಟಿನ ಕಡೆ ನೋಡು, ವಿದ್ಯುತ್ ಪರಿವೀಕ್ಷಣಾಲಯ ಅಂತ ಬ್ಯಾರೆ ಇಲಾಖೆನೇ ಅದ. ವೈರ್‌ಮನ್ ಪರ್ಮಿಟ್, ಸುಪರ್‌ವೈಸರ್ ಪರ್ಮಿಟ್, ಕಾಂಟ್ರ್ಯಾಕ್ಟರ್ ಲೈಸೆನ್ಸ್, ಎಲ್ಲಾ ಅಲ್ಲಿಂದ. ನೀರಿಗೆ ಅಂಥಾದ್ದಿಲ್ಲ. ಕರೆಂಟ್ ತಪ್ಪಿದ್ರ ಮನಷ್ಯಾ ನಿಂತಲ್ಲೇ ಹೋಗ್ತಾನ, ಯಾರ ತಪ್ಪು ಅಂತ ಅವತ್ತೇ ಹುಡುಕ್ತಾರ. ನೀರು ತಪ್ಪಿದ್ರ ಓಣಿಗೆ ಓಣಿನೇ ವಾಂತಿ-ಭೇದಿಲೆ ಮಲಗಿದ ಮ್ಯಾಲೂ ಯಾರ ಪೈಪು ಅಂತ ಗೊತ್ತಾಗಂಗಿಲ್ಲ. ಅದಕ್ಕೇ ಇದು ಹಿಂದ ಬಿದ್ದದ ಅಂತ ನಾ ತಿಳಕೊಂಡೀನಿ.

ಇರೋದೇನು ಅಂದ್ರ, ಸ್ಥಳೀಯ ಸಂಸ್ಥೆ ಪ್ಲಂಬರ್‌ಗೆ ಕೊಡೋ ಲೈಸೆನ್ಸ್. ಬೆಂಗಳೂರಿನ್ಯಾಗ ಜಲಮಂಡಳಿ ಕೊಡ್ತದ, ಉಳಿದ ಊರಾಗ ಪಾಲಿಕೆ, ನಗರಸಭೆ. ಅದು ಕೆಲಸ ಮಾಡೋವನ ಲೈಸೆನ್ಸು, ಕೆಲಸ ಪರೀಕ್ಷಿಸೋವನದ್ದಲ್ಲ. ನಳದ ಕನೆಕ್ಷನ್ ಅರ್ಜಿಗೆ ಸಹಿ, ಒಳಚರಂಡಿ ಜೋಡಣಿಗೆ ಸಹಿ, ಕೆಲಸ ಮುಗಿದ ಮ್ಯಾಲೆ ಮುಗದದ ಅಂತ ಸಹಿ, ಇವಕ್ಕ ಅದು ಬೇಕು.

ಪುಸ್ತಕ ಕೇಳಿದಿ. ರಾಷ್ಟ್ರೀಯ ಕಟ್ಟಡ ಸಂಹಿತೆ, 2016ರ ಆವೃತ್ತಿ, 9ನೇ ಭಾಗ. ಪೂರ್ತಿ ಪ್ಲಂಬಿಂಗೇ ಅದ. ಮೊದಲನೇ ವಿಭಾಗ ನೀರು ಪೂರೈಕೆ, ಎರಡನೇದು ಒಳಚರಂಡಿ ಮತ್ತು ನೈರ್ಮಲ್ಯ, ಮೂರನೇದು ಘನತ್ಯಾಜ್ಯ, ನಾಲ್ಕನೇದು ಗ್ಯಾಸ್. ನಿನಗ ಮೊದಲಿನ ಎರಡು ಸಾಕು. ಪ್ಲಂಬರ್‌ಗೆ ಅರ್ಹತಾ ಮಟ್ಟ ನಿಗದಿ ಮಾಡಿ, ಪರೀಕ್ಷೆ ತಗೊಂಡು, ಪಾಸಾದವರಿಗೆ ಲೈಸೆನ್ಸ್ ಕೊಡಬೇಕು ಅಂತ ಅದರಾಗ ಸ್ಪಷ್ಟ ಬರದಾರ. ಪ್ಲಂಬರ್ ಕೊಡಬೇಕಾದ ಮುಕ್ತಾಯ ಪ್ರಮಾಣಪತ್ರದ ನಮೂನೆನೂ ಅನುಬಂಧದಾಗ ಅದ. ಆದ್ರ ಸಂಹಿತೆ ಅನ್ನೋದು ಶಿಫಾರಸು. ರಾಜ್ಯ ಅಥವಾ ಸ್ಥಳೀಯ ಸಂಸ್ಥೆ ತನ್ನ ಬೈಲಾದಾಗ ತಗೊಂಡ್ರ ಮಾತ್ರ ಅದಕ್ಕ ಹಲ್ಲು ಬರ್ತಾವ. ಇದರ ಕೂಡ ಐಎಸ್ (ಅಂದ್ರ ಭಾರತೀಯ ಮಾನಕ) 2065, ಕಟ್ಟಡದ ನೀರು ಪೂರೈಕೆಗೆ. ಐಎಸ್ 1742, ಕಟ್ಟಡದ ಚರಂಡಿಗೆ. ಎರಡೂ 1983ರ ಆವೃತ್ತಿ, ಹಳೆವು ಅಂತ ಮೂಗು ಮುರಿಬ್ಯಾಡ. ಪರೀಕ್ಷೆ ಮಾಡೋ ವಿಧಾನ ಇವತ್ತಿಗೂ ಅದ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಜಾಲತಾಣದಾಗ ಭಾರತೀಯ ಮಾನಕಗಳು ಪುಕ್ಕಟೆ ಸಿಗ್ತಾವ.

ಗದಗ ನಳದಾಂವ

ಸರ ಹೇಳಿದ್ದು ಬರೋಬ್ಬರಿ ಐತಿ. ಕೈಯಾಗ ರೆಂಚ್ ಹಿಡದವನ ಕಡಿಂದ ಸ್ವಲ್ಪ ಕೇಳ್ರಿ.

ಲೈಸೆನ್ಸಿಗೆ ಅರ್ಜಿ, ವಿದ್ಯಾರ್ಹತೆ ಇಲ್ಲಾ ಅನುಭವದ ಕಾಗದ, ಫೋಟೊ, ಶುಲ್ಕ, ಅವಧಿ ಮುಗದ ಮ್ಯಾಲೆ ನವೀಕರಣ, ಇಷ್ಟು. ಷರತ್ತು ಊರಿಂದ ಊರಿಗೆ ಬ್ಯಾರೆ, ನಿಮ್ಮ ಪಾಲಿಕೆ ನೀರು ಸರಬರಾಜು ವಿಭಾಗದ ಟೇಬಲ್ಲಿಗೇ ಹೋಗಿ ಕೇಳ್ರಿ, ಬಾಗಲದಾಗ ನಿಂತ ಏಜೆಂಟನ್ನ ಕೇಳಬ್ಯಾಡ್ರಿ.

ಐಟಿಐ ಪ್ಲಂಬರ್ ಟ್ರೇಡ್ ಒಂದು ವರ್ಷದ್ದು. ಮುಗಿಸಿದ್ರ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಬರ್ತೈತಿ, ಅದು ದೇಶದಾಗ ಎಲ್ಲಿ ಹೋದ್ರೂ ನಡಿತೈತಿ. ನನ್ನಂಗ ಕೈಕೆಲಸದಾಗ ಕಲ್ತವರಿಗೆ ಆರ್‌ಪಿಎಲ್ ಅಂತ ಐತಿ, ಕಲ್ತದ್ದನ್ನ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡ್ತಾರ. 2015ರಾಗ ಶುರುವಾದ ಕೌಶಲ ವಿಕಾಸ ಯೋಜನೆ ಒಳಗ ಬರ್ತೈತಿ ಅದು. ನಮ್ಮ ವೃತ್ತಿಗೆ ಒಂದು ಸ್ಕಿಲ್ ಕೌನ್ಸಿಲ್ಲೇ ಐತಿ, ಮೊದಲ ಇಂಡಿಯನ್ ಪ್ಲಂಬಿಂಗ್ ಸ್ಕಿಲ್ಸ್ ಕೌನ್ಸಿಲ್ ಅಂತಿದ್ರು, ಈಗ ವಾಟರ್ ಮ್ಯಾನೇಜ್‌ಮೆಂಟ್ ಆ್ಯಂಡ್ ಪ್ಲಂಬಿಂಗ್ ಸ್ಕಿಲ್ ಕೌನ್ಸಿಲ್ ಅಂತಾರ. ಧಾರವಾಡದ ರುಡ್‌ಸೆಟಿ (ಸ್ವಉದ್ಯೋಗ ತರಬೇತಿ ಸಂಸ್ಥೆ) ಒಳಗ ಆಗಾಗ ಯಾವ್ಯಾವ ತರಬೇತಿ ನಡದಾವ ಅಂತ ವಿಚಾರಿಸ್ತಿರ್ರಿ, ಊಟ-ವಸತಿ ಸುದ್ದಾ ಪುಕ್ಕಟೆ. ಪಿಎಂ ವಿಶ್ವಕರ್ಮದಾಗ ಸಿಗ್ತೈತಿ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಅದರಾಗಿನ 18 ಕಸುಬಿನೊಳಗ ಗೌಂಡಿ ಅದಾನ, ಬಡಿಗ ಅದಾನ, ನಾವಿಲ್ಲ. ಕಟ್ಟಡ ಕಾರ್ಮಿಕರ ಮಂಡಳ್ಯಾಗ ಮಾತ್ರ ನಾವು ಬರ್ತೀವಿ, 12 ತಿಂಗಳದಾಗ 90 ದಿನ ಕೆಲಸ ಮಾಡಿದ್ದಕ್ಕ ಪುರಾವೆ ಬೇಕು.

ಕಹಿ ಮಾತೊಂದು ಐತಿ, ಅದನ್ನೂ ಹೇಳಿಬಿಡ್ತೀನಿ. ಲೈಸೆನ್ಸ್ ಒಬ್ಬನ ಹೆಸರಿನ್ಯಾಗ, ಕೆಲಸ ಇನ್ನೊಬ್ಬನದು. ಲೈಸೆನ್ಸ್ ಇದ್ದಾಂವ ಮನಿ ಬಾಗಲಾ ಸುದ್ದಾ ನೋಡಿರಂಗಿಲ್ಲ, ಸಹಿ ಬಿದ್ದಿರ್ತೈತಿ. ನನ್ನ ಸಹಿ ಕೇಳ್ಕೊಂಡು ಬಂದವರಿಗೆ "ಗ್ವಾಡಿ ಮುಚ್ಚೂಕಿಂತ ಮೊದಲ ಕರೀರಿ, ನೋಡಿ ಹಾಕ್ತೀನಿ" ಅಂತೀನಿ. ಮುಂದಿನ ಸಲ ಅವರು ಬ್ಯಾರೆ ಕಡೆ ಹೊಕ್ಕಾರ. ಹೋಗ್ಲಿ.

ನವನಗರ ಸಿವಿಲ್

ಅಂದ್ರ ಮಾವ ಹೇಳಿದ್ದು ಸುಳ್ಳಾ? ಹೊರದೇಶದಾಗಾದ್ರೂ ಇರ್ಬೇಕಲ್ರಿ?

ಹಾನಗಲ್ ಟು ದೋಹಾ

ಸುಳ್ಳಲ್ಲ, ಅರ್ಧ ಖರೆ. ಗಲ್ಫಿನಲ್ಲಿ ಪ್ಲಂಬಿಂಗ್ ಇನ್‌ಸ್ಪೆಕ್ಟರ್ ಅನ್ನೋದು ಹುದ್ದೆ. ಕಂಪನಿಯ ಕ್ಯೂಎ-ಕ್ಯೂಸಿ, ಅಂದ್ರೆ ಗುಣಮಟ್ಟ ನೋಡೋ ವಿಭಾಗದಲ್ಲಿ ಇರ್ತಾನೆ. ಡಿಪ್ಲೊಮಾ, ಮೇಲೆ ಸೈಟ್ ಅನುಭವ, ಇವನ್ನ ನೋಡಿ ಕನ್ಸಲ್ಟಂಟ್ ನಿನ್ನ ಸಿವಿ ಒಪ್ಪಬೇಕು. ಅವರು ಒಪ್ಪದಿದ್ರೆ ಕಂಪನಿ ಕರ್ಕೊಂಡು ಹೋದ್ರೂ ನಿನಗೆ ಸಹಿ ಅಧಿಕಾರ ಬರಲ್ಲ, ಫೋರ್‌ಮನ್ ಆಗಿ ಉಳೀತೀಯ.

ಇಂಟರ್‌ವ್ಯೂನಲ್ಲಿ ಕೇಳೋದು ಪೈಪಿನ ಬಗ್ಗೆ ಕಡಿಮೆ, ಕಾಗದದ ಬಗ್ಗೆ ಜಾಸ್ತಿ. ಮೆಥಡ್ ಸ್ಟೇಟ್‌ಮೆಂಟ್ (ಕೆಲಸ ಹೇಗೆ ಮಾಡ್ತೀವಿ ಅನ್ನೋ ಕಾಗದ) ಅಂದ್ರೇನು, ಐಟಿಪಿ ಅಂದ್ರೆ ಪರಿಶೀಲನೆ ಮತ್ತು ಪರೀಕ್ಷೆಯ ಯೋಜನೆ, ಅದರಲ್ಲಿ ಹೋಲ್ಡ್ ಪಾಯಿಂಟ್ ಎಲ್ಲೆಲ್ಲಿ ಬರುತ್ತೆ, ಎನ್‌ಸಿಆರ್ (ಕೆಲಸ ನಿಯಮದ ಪ್ರಕಾರ ಇಲ್ಲ ಅನ್ನೋ ವರದಿ) ಯಾವಾಗ ಹಾಕ್ತೀಯ. ಹೋಲ್ಡ್ ಪಾಯಿಂಟ್ ಅಂದ್ರೆ ಅಲ್ಲಿ ಕೆಲಸ ನಿಲ್ಲಬೇಕು. ಇನ್‌ಸ್ಪೆಕ್ಟರ್ ನೋಡಿ ಸಹಿ ಮಾಡೋ ತನಕ ಪ್ಲಾಸ್ಟರ್ ಮಾಡೋಹಾಗಿಲ್ಲ, ಮಣ್ಣು ಮುಚ್ಚೋಹಾಗಿಲ್ಲ. ಗದಗದ ಅಣ್ಣ "ಗ್ವಾಡಿ ಮುಚ್ಚೂಕಿಂತ ಮೊದಲ ಕರೀರಿ" ಅಂದದ್ದು ಅದೇ. ಇಲ್ಲಿ ಅದನ್ನ ಮುದ್ರೆ ಒತ್ತಿ ಮಾಡ್ತಾರೆ, ನಮ್ಮೂರಲ್ಲಿ ಒಬ್ಬ ಮನುಷ್ಯ ತನ್ನ ಹಟಕ್ಕೆ ಮಾಡ್ತಾನೆ.

ಈಗಲೇ ಮಾಡಿಟ್ಟುಕೊಳ್ಳೋ ಕೆಲಸ: ಡಿಪ್ಲೊಮಾ ಸರ್ಟಿಫಿಕೇಟಿಗೆ ರಾಜ್ಯದ ದೃಢೀಕರಣ, ವಿದೇಶಾಂಗ ಸಚಿವಾಲಯದ್ದು, ಆಮೇಲೆ ಆ ದೇಶ ಕೇಳಿದ್ರೆ ಅದರ ರಾಯಭಾರ ಕಚೇರಿಯದ್ದು. ಕೊನೇ ಗಳಿಗೆಯಲ್ಲಿ ಓಡಾಡಿ ವೀಸಾ ಕಳ್ಕೊಂಡವರನ್ನ ನೋಡಿದೀನಿ. ಏಜೆಂಟ್ ಹೆಸರು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ ನೋಡು. ಇಲ್ಲಾಂದ್ರೆ ಅವನು ಎಷ್ಟೇ ದೊಡ್ಡ ಆಫೀಸ್ ಹಾಕಿರಲಿ, ವಾಪಸ್ ಬಾ.

ಆಸ್ಟಿನ್ ಧಾರವಾಡಿ

ಲೈಸೆನ್ಸ್ ಅನ್ನೋ ಮಾತು ಬಹುಶಃ ನಮ್ಮ ಕಡೆಯಿಂದ ನಿಮ್ಮ ಮಾವನ ಕಿವಿಗೆ ಬಿದ್ದಿರಬೇಕು. ಅಮೆರಿಕದಲ್ಲಿ ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಸ್‌ನಲ್ಲಿ ಪ್ಲಂಬಿಂಗ್ ಇನ್‌ಸ್ಪೆಕ್ಟರ್‌ಗೆ ಖರೆ ಖರೆ ಲೈಸೆನ್ಸ್ ಅದ. 1947ರ ಕಾನೂನಿನಡಿ ಒಂದು ರಾಜ್ಯ ಮಂಡಳಿ ಇದೆ, ಆಸ್ಟಿನ್‌ನಲ್ಲೇ ಅದರ ಕಚೇರಿ. ಪ್ಲಂಬರ್‌ಗಳಲ್ಲೇ ಮೆಟ್ಟಿಲುಗಳಿವೆ: ಅಪ್ರೆಂಟಿಸ್ ಆಗಿ ಹೆಸರು ಹಚ್ಚಿಸಿ, 4,000 ಗಂಟೆ ಕೆಲಸ ಮಾಡಿದ ಮೇಲೆ ಟ್ರೇಡ್ಸ್‌ಮನ್ ಪರೀಕ್ಷೆ, 8,000 ಗಂಟೆಗೆ ಜರ್ನಿಮನ್, ಆಮೇಲೆ ಮಾಸ್ಟರ್. ಇನ್‌ಸ್ಪೆಕ್ಟರ್ ಅನ್ನೋದು ಬೇರೆಯೇ ಲೈಸೆನ್ಸ್. ನಗರಸಭೆಯ ನೌಕರ ಆಗಿರಬೇಕು, ಇಲ್ಲಾ ಅದರ ಜೊತೆ ಕರಾರು ಮಾಡಿಕೊಂಡಿರಬೇಕು, ಮಂಡಳಿಯ ಪರೀಕ್ಷೆ ಪಾಸಾಗಬೇಕು. ಪೈಪ್ ಹಾಕೋ ಧಂದೆ ಬೇರೆ, ಅದನ್ನ ಪಾಸ್ ಮಾಡೋ ಕೈ ಬೇರೆ ಅನ್ನೋದು ಇಡೀ ವ್ಯವಸ್ಥೆಯ ಬುನಾದಿ.

ಅಲ್ಲೂ ಎಲ್ಲಾ ಸುಸೂತ್ರ ಅಂದ್ಕೋಬ್ಯಾಡ್ರಿ. 2019ರಲ್ಲಿ ಶಾಸನಸಭೆ ಆ ಮಂಡಳಿಯ ಅವಧಿ ಮುಂದುವರಿಸಲಿಲ್ಲ, ಮಂಡಳಿನೇ ಮುಚ್ಚೋ ಹಂತಕ್ಕೆ ಬಂದು, ಗವರ್ನರ್ ಆದೇಶ ಹೊರಡಿಸಿ 2021ರ ತನಕ ಉಳಿಸಿದರು. ಪ್ಲಂಬರ್‌ಗಳು ಗಲಾಟೆ ಎಬ್ಬಿಸಿದ್ದರು, ಲೈಸೆನ್ಸ್ ಬೇಕು ಅಂತ!

ಬೇರೆ ಹಲವು ಕಡೆ ಐಸಿಸಿ (ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್) ಸಂಸ್ಥೆಯ ಪರೀಕ್ಷೆ ನೋಡ್ತಾರೆ. ಪಿ-1 ಮನೆಗಳ ಪ್ಲಂಬಿಂಗ್ ಇನ್‌ಸ್ಪೆಕ್ಟರ್‌ಗೆ, ಪಿ-2 ವಾಣಿಜ್ಯ ಕಟ್ಟಡಕ್ಕೆ. ಪುಸ್ತಕ ತೆರೆದಿಟ್ಟುಕೊಂಡೇ ಬರೆಯೋದು. ಸಲೀಸು ಅಂತ ಹೋದವರು ಹುಡುಕೋದ್ರೊಳಗೇ ಹೊತ್ತು ಕಳೀತಾರೆ. ಯಾವ ಅಧ್ಯಾಯದಲ್ಲಿ ಏನಿದೆ ಅನ್ನೋದು ಬೆರಳ ತುದಿಗೆ ಬಂದಿರಬೇಕು. ಒಂದು ಮಾದರಿ ಹೇಳ್ತೀನಿ: ಚರಂಡಿ ಪೈಪಿಗೆ ನೀರಿನ ಪರೀಕ್ಷೆ, 10 ಅಡಿ ಎತ್ತರದ ನೀರು ನಿಲ್ಲಿಸಿ 15 ನಿಮಿಷ, ಹನಿ ಜಿನುಗಬಾರದು. ಇಂಥವು ಬಾಯಿಪಾಠ ಬೇಕಾಗಿಲ್ಲ, ಪುಟ ಗೊತ್ತಿದ್ರೆ ಸಾಕು.

ಕೇಶ್ವಾಪುರ ಅಕ್ಕ

ನಡುವ ಬಾಯಿ ಹಾಕ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮದು ಹೊಸಾ ಮನಿ. ಗೃಹಪ್ರವೇಶ ಆಗಿ ವರ್ಷ ತುಂಬಿಲ್ಲ. ಕೆಳಗಿನ ಬಾತ್‌ರೂಮಿನ್ಯಾಗ ಗಟಾರದ ವಾಸನಿ, ತಡಕೊಳ್ಳಾಕ ಆಗೂದಿಲ್ಲ. ಕಾಂಟ್ರ್ಯಾಕ್ಟರ್ ಬಂದು ಫಿನಾಯಿಲ್ ಹಾಕ್ರಿ ಅಂದ. ಇನ್ನೊಬ್ಬಾಂವ ಬಂದು ಟೈಲ್ಸ್ ಒಡದ, ಏನೂ ಸಿಗ್ಲಿಲ್ಲ, ಅದರದ್ದೂ ಬಿಲ್ ಕೊಟ್ಟ. ನೀವೆಲ್ಲಾ ಇನ್‌ಸ್ಪೆಕ್ಟರ್, ಲೈಸೆನ್ಸ್ ಅಂತ ಮಾತಾಡಾಕತ್ತೀರಿ. ನನ್ನಂಥಾಕಿ ರೊಕ್ಕ ಕೊಟ್ಟು ಒಬ್ಬರನ್ನ ಕರದು "ಬರೇ ನೋಡಿ ಹೇಳ್ರಿ, ರಿಪೇರಿ ಮಾಡಬ್ಯಾಡ್ರಿ" ಅನ್ನಬೇಕಂದ್ರ ಅಂಥವರು ಹುಬ್ಬಳ್ಳ್ಯಾಗ ಯಾರದಾರ್ರಿ?

ನವನಗರ ಸಿವಿಲ್

ಅಕ್ಕಾರ, ವಾಸನಿ ಯಾವಾಗ ಹೆಚ್ಚ ಬರ್ತೈತಿ? ಮ್ಯಾಲಿನ ಮಹಡ್ಯಾಗ ನೀರು ಸುರುವಿದ ಮ್ಯಾಲೋ, ಬಾತ್‌ರೂಮ್ ಭಾಳ ದಿನ ಬಳಸದ ಇದ್ದಾಗೋ?

ಕೇಶ್ವಾಪುರ ಅಕ್ಕ

ಮ್ಯಾಲೆ ಬಾಡಗಿಯವರು ಅದಾರ. ಅವರು ಮುಂಜಾನೆ ಬಕೀಟ್ ನೀರು ಒಮ್ಮೆಲೇ ಸುರುವಿದ್ರ ನಮ್ಮ ಜಾಳಗ್ಯಾಗ ಗುಳುಗುಳು ಅಂತೈತಿ. ಆಮ್ಯಾಲೇ ವಾಸನಿ. ಇದನ್ನ ಬಂದವರಿಬ್ಬರಿಗೂ ಹೇಳೀನಿ, ಯಾರೂ ಕಿವಿ ಹಾಕ್ಲಿಲ್ಲ.

ನಿವೃತ್ತ ಗಟಾರ ಎಂಜಿನಿಯರ್

ತಮ್ಮಾ, ಬಂದದ್ದಕ್ಕ ಸರಿಯಾದ ಪ್ರಶ್ನೆ ಕೇಳಿದಿ. ಅಕ್ಕಾರ, ಆ ಗುಳುಗುಳು ಶಬ್ದದಾಗೇ ಉತ್ತರ ಅದ.

ನೆಲದ ಜಾಳಗಿ ಕೆಳಗ ನಹಾನಿ ಟ್ರ್ಯಾಪ್ ಅಂತ ಇರ್ತದ. ಅದರ ಬಾಗಿದ ಹೊಟ್ಟ್ಯಾಗ ಒಂದಿಷ್ಟು ನೀರು ಯಾವಾಗಲೂ ನಿಂತಿರಬೇಕು, ಕಡಿಮಿ ಅಂದ್ರ 50 ಮಿಲಿಮೀಟರ್. ಆ ನೀರೇ ಗಟಾರದ ಗಾಳಿಗೂ ನಿಮ್ಮ ಮೂಗಿಗೂ ನಡುವಿನ ಬಾಗಲಾ. ಮ್ಯಾಲಿಂದ ನೀರು ರಭಸಲೆ ಇಳಿಯೋವಾಗ ಪೈಪಿನ್ಯಾಗ ಗಾಳಿ ಒಳಗ ಬರಾಕ ದಾರಿ ಇಲ್ಲಂದ್ರ, ಆ ನೀರು ತನ್ನ ಹಿಂದ ನಿಮ್ಮ ಟ್ರ್ಯಾಪಿನ ನೀರನ್ನೂ ಎಳಕೊಂಡು ಹೋಗ್ತದ. ಬಾಗಲಾ ತೆಗೀತು, ವಾಸನಿ ಬಂತು. ಗಚ್ಚಿಮ್ಯಾಲೆ ಹೋಗಿ ನೋಡ್ರಿ: ಚರಂಡಿ ಪೈಪು ಮ್ಯಾಲೆ ತನಕ ಬಂದು ತಲಿಗೆ ಟೊಪ್ಪಿಗಿ ಹಾಕ್ಕೊಂಡು ನಿಂತದೋ, ಇಲ್ಲಾ ಎರಡನೇ ಮಹಡ್ಯಾಗೇ ಮುಗದದೋ? ಭಾಳ ಕಡೆ ಅದನ್ನ ಗಚ್ಚಿ ಛಂದ ಕಾಣಂಗಿಲ್ಲ ಅಂತ ಕತ್ತರಿಸಿ ಎಂಡ್ ಕ್ಯಾಪ್ ಬಡೀತಾರ. ಟೈಲ್ಸ್ ಒಡದವನಿಗೆ ಏನೂ ಸಿಗಲಿಲ್ಲ ಅಂದ್ರ ಆಶ್ಚರ್ಯ ಇಲ್ಲ, ದೋಷ ಇರೋದು ಮೂವತ್ತು ಅಡಿ ಮ್ಯಾಲೆ.

ಇದು ಬರೇ ವಾಸನಿ ಮಾತಲ್ಲ. 2003ರಾಗ ಸಾರ್ಸ್ ರೋಗ ಬಂದಾಗ ಹಾಂಗ್‌ಕಾಂಗಿನ ಆಮಾಯ್ ಗಾರ್ಡನ್ಸ್ ಅನ್ನೋ ವಸತಿ ಕಟ್ಟಡದಾಗ 300ಕ್ಕೂ ಹೆಚ್ಚು ಮಂದಿಗೆ ತಗಲಿತು. ತನಿಖೆ ಮಾಡಿದವರು ಬೆರಳು ಮಾಡಿದ್ದು ಬಾತ್‌ರೂಮಿನ ಒಣಗಿದ ನೆಲದ ಟ್ರ್ಯಾಪಿಗೆ. ಎಕ್ಸಾಸ್ಟ್ ಫ್ಯಾನ್ ಹಚ್ಚಿದಾಗ ಚರಂಡಿ ಪೈಪಿನ ಗಾಳಿ ಆ ಟ್ರ್ಯಾಪಿನ್ಯಾಗಿಂದ ಮನಿ ಒಳಗ ಬಂತು.

ಕೇಶ್ವಾಪುರ ಅಕ್ಕ

ಗಚ್ಚಿಗೆ ಹೋಗಿ ಬಂದೆ. ಪೈಪು ಅದ. ಅದರ ಮ್ಯಾಲೆ ಕ್ಯಾಪೂ ಅದ. ಸೊಲ್ಯೂಷನ್ ಹಚ್ಚಿ ಗಟ್ಟಿ ಕೂಡಿಸ್ಯಾರ.

ಗದಗ ನಳದಾಂವ

ಅಕ್ಕಾರ, ಕ್ಯಾಪ್ ಕತ್ತರಿಸಿ ಕೌಲ್ ಹಾಕಸ್ರಿ. ಕೌಲ್ ಅಂದ್ರ ಜಾಳಗಿ ಇದ್ದ ಟೊಪ್ಪಿಗಿ, ಹಕ್ಕಿ ಗೂಡು ಕಟ್ಟಬಾರದು ಅಂತ. ಅರ್ಧ ತಾಸಿನ ಕೆಲಸ. ಅದಾದ ಮ್ಯಾಲೂ ಗುಳುಗುಳು ಅಂದ್ರ ಆವಾಗ ಕೆಳಗ ನೋಡೂಣು. ಮತ್ತ ಆ ಪೈಪ್ ಬಾಯಿ ನೀರಿನ ಟ್ಯಾಂಕಿನ ಮುಚ್ಚಳದ ಹತ್ತಿರ, ಯಾರದರ ಕಿಟಕಿ ಹತ್ತಿರ ಇರಬಾರದು.

ಗೌಂಡಿ ಮಗ, ಕುಂದಗೋಳ

ಸರ, ಚರಂಡಿ ಪೈಪಿನ ಇಳಿಜಾರಿನ ಬಗ್ಗೆ ಜಗಳ ಬಗಿಹರಿಸ್ರಿ. ನಮ್ಮ ಮೇಸ್ತ್ರಿ 4 ಇಂಚಿನ ಪೈಪಿಗೆ 40ಕ್ಕ 1 ಅಂತಾನ, ಅಂದ್ರ 40 ಅಡಿ ಉದ್ದಕ್ಕ 1 ಅಡಿ ಇಳಿಬೇಕು. ಹೊಸಾ ಎಂಜಿನಿಯರ್ 57ಕ್ಕ 1 ಸಾಕು ಅಂತಾನ. ದಿನಾ ಗುದ್ದಾಟ.

ನಿವೃತ್ತ ಗಟಾರ ಎಂಜಿನಿಯರ್

ಇಬ್ಬರೂ ಸರಿ, ಅದಕ್ಕೇ ಜಗಳ ಮುಗಿಯಂಗಿಲ್ಲ. ಮೇಸ್ತ್ರಿದು ಹಳೇ ಲೆಕ್ಕ: ಪೈಪಿನ ಇಂಚನ್ನ ಹತ್ತರಿಂದ ಗುಣಿಸು, 4 ಇಂಚಿಗೆ 40ಕ್ಕ 1, 6 ಇಂಚಿಗೆ 60ಕ್ಕ 1. ಸಂಹಿತೆ ಲೆಕ್ಕ ವೇಗದ್ದು. ಹೊಲಸು ಪೈಪಿನ ತಳಕ್ಕ ಕೂಡದಂಗ ನೀರು ಸೆಕೆಂಡಿಗೆ 0.75 ಮೀಟರ್ ಓಡಬೇಕು. ಅದಕ್ಕ 100 ಮಿಲಿಮೀಟರ್ ಪೈಪಿಗೆ ಕಡಿಮಿ ಅಂದ್ರ 57ಕ್ಕ 1, 150 ಮಿಲಿಮೀಟರ್ ಪೈಪಿಗೆ 100ಕ್ಕ 1. ಮ್ಯಾಲಿನ ಮಿತಿನೂ ಅದ, ಸೆಕೆಂಡಿಗೆ 2.4 ಮೀಟರ್ ವೇಗ ದಾಟಬಾರದು.

ನಾನಾಗಿದ್ರ ಹುಬ್ಬಳ್ಳಿ, ನವಲಗುಂದ, ಗದಗ ಕಡೆ ಮೇಸ್ತ್ರಿ ಲೆಕ್ಕನೇ ಹಿಡೀತೀನಿ. ಕಾರಣ ಎರಿ ಮಣ್ಣು. ಮಳಿಗೆ ಉಬ್ಬತದ, ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರೀತದ. 57ಕ್ಕ 1 ಅಂತ ಅಂಚಿನ ಮ್ಯಾಲೆ ಹಾಕಿದ ಪೈಪು ಎರಡು ವರ್ಷಕ್ಕ ನಡುವ ಕುಸದು ನೀರು ಹಿಂದಕ್ಕ ನಿಲ್ಲತದ. ಇಳಿಜಾರು ಎಷ್ಟು ಅನ್ನೂಕಿಂತ ಪೈಪಿನ ಕೆಳಗ ಏನು ಹಾಸ್ಯಾರ ಅನ್ನೋದನ್ನ ಮೊದಲ ನೋಡು. ಎರಿ ತಗದು ಗರಸು, ಉಸುಕು ತುಂಬಿ, ಮ್ಯಾಲೆ ಪೈಪು. ಚೇಂಬರಿಗೆ ಪೈಪ್ ಸೇರೋ ಜಾಗ ಮೊದಲ ಬಿರಿಯೋದು, ಅದನ್ನ ಬೆರಳಿಲೆ ಮುಟ್ಟಿ ನೋಡಬೇಕು.

ಇನ್ನೊಂದು, ಸೈಟಿನ್ಯಾಗ ಮಣ್ಣು ಮುಚ್ಚೂಕಿಂತ ಮೊದಲ ಮಾಡೋ ಎರಡು ಪರೀಕ್ಷೆ. ರೊಕ್ಕ ಹತ್ತಂಗಿಲ್ಲ, ಆದ್ರೂ ಯಾರೂ ಮಾಡಂಗಿಲ್ಲ. ಒಂದು, ಪೈಪಿನ ಒಳವ್ಯಾಸಕ್ಕಿಂತ 13 ಮಿಲಿಮೀಟರ್ ಸಣ್ಣದು ಒಂದು ನುಣುಪಾದ ಚಂಡು ತಗೋ. ಎತ್ತರದ ಚೇಂಬರಿನ್ಯಾಗ ಬಿಡು. ಜೋಡಣಿಯೊಳಗ ಸಿಮೆಂಟ್ ಉಬ್ಬಿ ಬಂದಿದ್ರ, ಇಟ್ಟಂಗಿ ಚೂರು ಬಿದ್ದಿದ್ರ ಅಲ್ಲೇ ನಿಲ್ಲತದ. ಕೆಳಗಿನ ಚೇಂಬರಿನ್ಯಾಗ ತಾನಾಗೇ ಉರುಳಿ ಬಂದ್ರ ದಾರಿ ಸಾಫ್. ಎರಡು, ಒಂದು ತುದಿಗೆ ದೀಪ, ಇನ್ನೊಂದು ತುದಿಗೆ ಕನ್ನಡಿ. ಪೈಪ್ ನೆಟ್ಟಗಿದ್ರ ಕನ್ನಡ್ಯಾಗ ಬೆಳಕು ಪೂರ್ತಿ ದುಂಡಗ ಕಾಣತದ. ಅರ್ಧ ಚಂದ್ರ ಕಂಡ್ರ ಪೈಪು ಎಲ್ಲೋ ಜೋತದ. ಹೊಸಾ ಹುಡುಗರು ಚರಂಡಿ ಕ್ಯಾಮೆರಾ ಬಾಡಗಿ ತರಬೇಕು ಅಂತಾರ. ತರ್ರಿ, ಆದ್ರ ಚಂಡು ಬಿಟ್ಟು ನೋಡಿದ ಮ್ಯಾಲೆ.

ಗದಗ ನಳದಾಂವ

ಇದಕ್ಕ ನೀರಿನ ಪೈಪಿಂದೂ ಸೇರಸ್ತೀನಿ. ಸೈಟಿಗೆ ಬಂದ ಪೈಪಿನ ಮ್ಯಾಲೆ ಅಚ್ಚು ಓದ್ರಿ, ಅಂಗಡಿ ಬಿಲ್ ಓದಬ್ಯಾಡ್ರಿ. ಸಿಪಿವಿಸಿ (ಬಿಸಿನೀರು ತಡಿಯೋ ಪ್ಲಾಸ್ಟಿಕ್ ಪೈಪು) ಆದ್ರ ಐಎಸ್ 15778, ಚರಂಡಿಯ ಪ್ಲಾಸ್ಟಿಕ್ ಪೈಪು ಎಸ್‌ಡಬ್ಲ್ಯೂಆರ್ ಆದ್ರ ಐಎಸ್ 13592, ಜಿಐ (ಸತು ಲೇಪಿಸಿದ ಕಬ್ಬಿಣ) ಆದ್ರ ಐಎಸ್ 1239. ಸಿಪಿವಿಸಿಗೆ ಅದರದ್ದೇ ಸೊಲ್ಯೂಷನ್ ಬೇಕು. ಡಬ್ಬಿ ಮುಗೀತು ಅಂತ ಯುಪಿವಿಸಿದು (ತಣ್ಣೀರಿನ ಪ್ಲಾಸ್ಟಿಕ್ ಪೈಪಿಂದು) ಹಚ್ಚಿಬಿಡ್ತಾರ, ತಣ್ಣೀರಿನ್ಯಾಗ ನಡಿತೈತಿ, ಸೋಲಾರ್ ಬಿಸಿನೀರು ಹರದ ಮ್ಯಾಲೆ ಗ್ವಾಡಿ ಒಳಗ ಬಿಡ್ತೈತಿ. ಗೇಜ್ ಹಚ್ಚಿ ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಸಿ ಬಿಟ್ರ ಅವತ್ತೇ ತಿಳಿತೈತಿ.

ಉಣಕಲ್ ಕೆರಿ ದಂಡಿ

ನಮ್ಮೂರಿಗೆ ಇದೆಲ್ಲಾ ಯಾಕ ಹೆಚ್ಚಿನದು ಅಂದ್ರ, ನೀರು ದಿನಾ ಬರೂದಿಲ್ಲ. ಮಲಪ್ರಭಾದ್ದು ಅಮ್ಮಿನಬಾವಿಯೊಳಗ ಶುದ್ಧ ಆಗಿ ಬರ್ತೈತಿ, ಆದ್ರ ಓಣಿ ಪೈಪು ನಡುವ ದಿನಗಟ್ಟಲೆ ಖಾಲಿ. ಖಾಲಿ ಪೈಪಿನ ಸುತ್ತ ಗಟಾರದ ನೀರು ನಿಂತಿದ್ರ ಬಿರಕಿನ್ಯಾಗಿಂದ ಒಳಗ ಜಿನಗತೈತಿ. ಮತ್ತ ನೀರು ಬಿಟ್ಟ ಕೂಡ್ಲೆ ನಳಕ್ಕ ನೇರ ಮೋಟರ್ ಹಚ್ಚಿ ಎಳದ್ರಂತೂ ಕೇಳೂದೇ ಬ್ಯಾಡ, ಹೊಲಸನ್ನೂ ಎಳೀತೈತಿ. 2008ರಾಗ ಕೆಲವು ವಾರ್ಡಿಗೆ 24×7 ನೀರು ಬಂದಾಗ ಆಗಿದ್ದ ದೊಡ್ಡ ಫರಕು ಇದೇ, ಪೈಪು ಯಾವಾಗಲೂ ತುಂಬಿ ಒತ್ತಡದಾಗ ಇರ್ತೈತಿ, ಹೊರಗಿಂದು ಒಳಗ ಬರಾಕ ಆಗೂದಿಲ್ಲ. ಆದ್ರ ಅವಾಗ ಮನಿ ಒಳಗಿನ ಹಳೇ ಜಿಐ ಪೈಪಿನ ಬಣ್ಣ ಬಯಲಾಗತೈತಿ. ಮೊದಲ ವಾರಕ್ಕೊಮ್ಮೆ ಸೋರ್ತಿತ್ತು, ಈಗ ಹಗಲು ರಾತ್ರಿ ಸೋರಿ ಮೀಟರ್ ಓಡತೈತಿ. ಮೀಟರಿನಿಂದ ಒಳಗಿಂದು ಮನಿ ಮಾಲಕನ ಗಂಟು. ಹಂಗಾಗಿ, ನವನಗರದ ತಮ್ಮಾ, ನಿನಗ ಕೆಲಸ ಇರೋದು ಅಲ್ಲೇ.

ನವನಗರ ಸಿವಿಲ್

ಎಲ್ಲಾರಿಗೂ ಶರಣ್ರಿ. ಮಾವಗ ಓದಿ ಹೇಳಿದೆ, ಸುಮ್ನಾದ್ರು. ಒಂದು ವಿಚಾರ ಮಾಡೀನಿ. ಆರ್‌ಪಿಎಲ್ ತಗೋತೀನಿ, ಸಂಹಿತೆ 9ನೇ ಭಾಗ ಶುರು ಮಾಡೀನಿ, ಸೈಟಿನ ಕೆಲಸ ಬಿಡೂದಿಲ್ಲ. ರವಿವಾರ ಮನಿ ತಪಾಸಣಿ ಅಂತ ಸಣ್ಣದಾಗಿ ಚಾಲೂ ಮಾಡಿದ್ರ ಹೆಂಗ? ಪಾಲಿಕೆ ಪ್ಲಂಬರ್ ಲೈಸೆನ್ಸೂ ತಗೊಂಡ್ರ ತಪಾಸಣಿ ಮಾಡಿದ ಮನ್ಯಾಗ ರಿಪೇರಿನೂ ಹಿಡಿಬಹುದಲ್ಲ, ಎರಡೂ ಕಡೆ ದುಡಿಮಿ.

ಕೇಶ್ವಾಪುರ ಅಕ್ಕ

ತಮ್ಮಾ, ಹಂಗ ಮಾಡಿದ್ರ ನಾ ನಿನ್ನ ಕರಿಯಂಗಿಲ್ಲ. ಟೈಲ್ಸ್ ಒಡದಾಂವನೂ ನೋಡಾಕ ಅಂತನ ಬಂದಿದ್ದ.

ಆಸ್ಟಿನ್ ಧಾರವಾಡಿ

ಅಕ್ಕ ಒಂದೇ ಸಾಲಿನಲ್ಲಿ ಹೇಳಿಬಿಟ್ಟರು. ದೋಷ ಕಂಡಷ್ಟೂ ನಿನಗೆ ಕೆಲಸ ಸಿಗ್ತದೆ ಅಂದ್ರೆ ನಿನ್ನ ಕಣ್ಣನ್ನ ಯಾರು ನಂಬ್ತಾರೆ?

ಗದಗ ನಳದಾಂವ

ಬರೇ ತಪಾಸಣಿ ಮಾಡು, ರಿಪೋರ್ಟ್ ಕೊಡು, ರಿಪೇರಿ ಯಾರ ಕಡೆ ಮಾಡಿಸ್ತಾರ ಅವರಿಗೆ ಬಿಡು. ನನ್ನ ಹೆಸರೂ ಹೇಳಬ್ಯಾಡ. ಮೊದಲಿಗೆ ದುಡಿಮಿ ಕಡಿಮಿ ಬೀಳ್ತೈತಿ, ಅದು ಖರೆ, ಅದಕ್ಕೇ ಸೈಟಿನ ಪಗಾರ ಬಿಡಬ್ಯಾಡ ಅನ್ನೂದು.

ನವನಗರ ಸಿವಿಲ್

ಒಪ್ಪಿದೆ. ಅಕ್ಕಾರ, ರಿಪೇರಿ ಹಿಡಿಯಂಗಿಲ್ಲ, ಬರೇ ನೋಡ್ತೀನಿ. ಸರ್, ರಿಪೋರ್ಟಿನ್ಯಾಗ ಏನೇನಿರಬೇಕು? ಗೇಜ್ ಎಂಥಾದ್ದು ತಗೋಲಿ?

ನಿವೃತ್ತ ಗಟಾರ ಎಂಜಿನಿಯರ್

ಕಂಡದ್ದು ಬರಿ, ಅನಿಸಿದ್ದು ಬ್ಯಾರೆ ಬರಿ. "ಕೆಳಗಿನ ಬಾತ್‌ರೂಮ್, ನೆಲದ ಟ್ರ್ಯಾಪಿನ್ಯಾಗ ನೀರಿಲ್ಲ, ಗಚ್ಚಿಮ್ಯಾಲೆ ವೆಂಟ್ (ಗಾಳಿ ಪೈಪಿನ ಬಾಯಿ) ಮುಚ್ಚಿದೆ" ಇಷ್ಟು ಕಂಡದ್ದು. "ಟ್ರ್ಯಾಪಿನ ನೀರು ಎಳಕೊಂಡು ಹೋಗ್ತಿರಬಹುದು" ಇದು ಅಭಿಪ್ರಾಯ. ನೋಡಾಕ ಆಗಲಾರದ್ದನ್ನೂ ಬರಿ: ಗ್ವಾಡಿ ಒಳಗಿನ ಜೋಡಣಿ, ಟೈಲ್ಸ್ ಕೆಳಗಿನದು. ನಾಳೆ ಅಲ್ಲಿ ಸೋರಿದ್ರ ನಿನ್ನ ಕೊರಳಿಗೆ ಬರಬಾರದು.

ಗೇಜು ಸಣ್ಣ ಅಳತಿದು ತಗೋ. ಗಚ್ಚಿ ಟ್ಯಾಂಕಿನಿಂದ ಬರೋ ಒತ್ತಡ ಅಂದ್ರ 10 ಮೀಟರ್ ಎತ್ತರಕ್ಕ ಚದರ ಸೆಂಟಿಮೀಟರಿಗೆ 1 ಕೆ.ಜಿ., ನಮ್ಮ ಎರಡು ಮಹಡಿ ಮನ್ಯಾಗ ಅದೂ ಪೂರ್ತಿ ಬರಂಗಿಲ್ಲ. 25 ಕೆ.ಜಿ. ಗೇಜ್ ಹಚ್ಚಿದ್ರ ಮುಳ್ಳು ಅಲ್ಲಾಡಿದ್ದೂ ಗೊತ್ತಾಗಂಗಿಲ್ಲ. ಎಲ್ಲಕ್ಕಿಂತ ಕೆಳಗಿನ ನಳಕ್ಕ ಹಚ್ಚು. ಬಿಸಿಲು ಏರೂಕಿಂತ ಮೊದಲ ಪರೀಕ್ಷೆ ಮುಗಿಸು, ಗಚ್ಚಿಮ್ಯಾಲಿನ ಪೈಪ್ ಕಾಯ್ದು ಒಳಗಿನ ನೀರು ಹಿಗ್ಗಿದ್ರ ಮುಳ್ಳು ತಾನಾಗೇ ಏರತದ, ಸಣ್ಣ ಸೋರಿಕಿ ಮುಚ್ಚಿಹೋಗ್ತದ. ಶುರು ಮಾಡಿದಾಗ ಒಂದು ಫೋಟೊ, ಮುಗಿಸಿದಾಗ ಒಂದು ಫೋಟೊ, ಎರಡರಾಗೂ ಗೇಜಿನ ಬಾಜೂಕ ಗಡಿಯಾರ ಕಾಣಬೇಕು.